ತೂಕ ಇಳಿಸುವ ಇಂಜೆಕ್ಷನ್ ಜೊತೆಗೆ ಆಪ್ ಬೇಕೇ? ಬೇಕಾದರೆ ಯಾವ ಕೆಲಸಕ್ಕೆ?

ಪ್ರಶ್ನೆ: ನನಗೆ 42 ವರ್ಷ. ಊರು ದಾವಣಗೆರೆ. ಎತ್ತರ 164 ಸೆಂ.ಮೀ., ತೂಕ 96 ಕೆ.ಜಿ. ಸಕ್ಕರೆ ಕಾಯಿಲೆ ಇಲ್ಲ. ಬಿ.ಪಿ.ಗೆ ಟೆಲ್ಮಿಸಾರ್ಟನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಎರಡೂ ಸೇರಿರುವ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಡಾಕ್ಟರು ವಾರಕ್ಕೊಮ್ಮೆ ಹಾಕಿಕೊಳ್ಳುವ ಸೆಮಾಗ್ಲುಟೈಡ್ ಇಂಜೆಕ್ಷನ್ ಬರೆದುಕೊಟ್ಟಿದ್ದಾರೆ. ಇದರ ಜೊತೆಗೆ ನಮ್ಮ ಆಪ್‌ನ ಒಂದು ವರ್ಷದ ಪ್ಯಾಕೇಜ್ ತಗೊಳ್ಳಿ, ಕೋಚ್ ಇರುತ್ತಾರೆ, ತೂಕ ಎರಡರಷ್ಟು ಇಳಿಯುತ್ತದೆ ಎಂದು ಒಂದು ಕಂಪನಿಯವರು ಫೋನ್ ಮಾಡುತ್ತಿದ್ದಾರೆ. ಇಂಜೆಕ್ಷನ್ ಒಂದೇ ಸಾಲದೇ? ಆಪ್ ಹಾಕಿಕೊಂಡರೆ ಅದರಲ್ಲಿ ನಿಜಕ್ಕೂ ಏನು ಮಾಡಬೇಕು?

ಉತ್ತರ: ಎರಡರಷ್ಟು ಇಳಿಯುತ್ತದೆ ಎಂಬ ಮಾತು ನಂಬಿ ದುಡ್ಡು ಕಟ್ಟಬೇಡಿ. ಹಾಗೆಂದು ಇಂಜೆಕ್ಷನ್ ಒಂದೇ ಸಾಕು ಎನ್ನಲೂ ಆಗುವುದಿಲ್ಲ. ತೂಕ ಇಳಿಸುವ ಕೆಲಸವನ್ನು ಈ ಔಷಧ ಬಹುಮಟ್ಟಿಗೆ ತಾನೇ ಮಾಡುತ್ತದೆ. ಆದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗದಂತೆ, ಡೋಸ್ ಏರುವಾಗ ದೇಹಕ್ಕೆ ಪೆಟ್ಟಾಗದಂತೆ, ಮುಂದೆ ಔಷಧ ನಿಂತಾಗ ಹೋದ ತೂಕ ವಾಪಸ್ ಬರದಂತೆ ನೋಡಿಕೊಳ್ಳುವುದು ಅದರ ಕೈಯಲ್ಲಿಲ್ಲ. ಆಪ್‌ನಿಂದ ಪ್ರಯೋಜನ ಇರುವುದು ಈ ಮೂರು ಜಾಗದಲ್ಲಿ.

'ಎರಡರಷ್ಟು' ಎನ್ನುವ ಮಾತು ಹಳೆಯ ಔಷಧಗಳ ಕಾಲಕ್ಕೆ ಸರಿಯಿತ್ತು. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಿಬುಟ್ರಮಿನ್ ಮಾತ್ರೆಯೊಂದನ್ನೇ ತೆಗೆದುಕೊಂಡವರು ವರ್ಷದಲ್ಲಿ ಸರಾಸರಿ 5 ಕೆ.ಜಿ. ಇಳಿದರು. ಮಾತ್ರೆಯ ಜೊತೆ ಗುಂಪು ಸಲಹೆಯನ್ನೂ ಪಡೆದವರು 12.1 ಕೆ.ಜಿ. ಇಳಿದರು. ಅವರಲ್ಲೇ ತಿಂದದ್ದನ್ನು ತಪ್ಪದೆ ಬರೆದಿಟ್ಟವರು 18.1 ಕೆ.ಜಿ., ಆಗೊಮ್ಮೆ ಈಗೊಮ್ಮೆ ಬರೆದವರು 7.7 ಕೆ.ಜಿ. (ಹೃದಯಕ್ಕೆ ಅಪಾಯ ಎಂದು ಆ ಮಾತ್ರೆಯನ್ನು 2010ರಲ್ಲಿ ಅಮೆರಿಕ, ಯುರೋಪ್ ಎರಡೂ ಕಡೆ ಮಾರುಕಟ್ಟೆಯಿಂದ ತೆಗೆದರು.) ಔಷಧದ ಶಕ್ತಿ ಕಡಿಮೆ ಇದ್ದಾಗ ಸಲಹೆ ಮತ್ತು ದಾಖಲೆಯ ಪಾಲು ದೊಡ್ಡದಿತ್ತು.

ಸೆಮಾಗ್ಲುಟೈಡ್ ಬಂದ ಮೇಲೆ ಲೆಕ್ಕ ಬದಲಾಯಿತು. 2021ರ ಸ್ಟೆಪ್-1 ಅಧ್ಯಯನದಲ್ಲಿ ವಾರಕ್ಕೆ 2.4 ಮಿ.ಗ್ರಾಂ. ಡೋಸ್, ಜೊತೆಗೆ ನಾಲ್ಕು ವಾರಕ್ಕೊಮ್ಮೆ ಸಾಧಾರಣ ಮಟ್ಟದ ಸಲಹೆ. 68 ವಾರಗಳಲ್ಲಿ ಸರಾಸರಿ ಶೇ 14.9 ತೂಕ ಇಳಿಯಿತು. ಔಷಧವಿಲ್ಲದ ಚುಚ್ಚುಮದ್ದು ಪಡೆದವರಲ್ಲಿ ಇಳಿದದ್ದು ಶೇ 2.4. ಸ್ಟೆಪ್-3ರಲ್ಲಿ ಅದೇ ಡೋಸ್ ಜೊತೆ ಮೊದಲ 8 ವಾರ ಕಟ್ಟುನಿಟ್ಟಿನ ಆಹಾರ, ಒಟ್ಟು 30 ಸಲಹಾ ಭೇಟಿ. ಅಷ್ಟೆಲ್ಲ ಮಾಡಿಯೂ ಇಳಿದದ್ದು ಶೇ 16. ಎರಡೂ ಬೇರೆ ಬೇರೆ ಅಧ್ಯಯನಗಳಾದ್ದರಿಂದ ಪಕ್ಕಪಕ್ಕ ಇಟ್ಟು ಕಟ್ಟುನಿಟ್ಟಾಗಿ ಹೋಲಿಸುವಂತಿಲ್ಲ. ಆದರೂ ಸಲಹೆ ಹೆಚ್ಚಿಸಿದರೆ ತಕ್ಕಡಿಯಲ್ಲಿ ಕಾಣುವ ವ್ಯತ್ಯಾಸ ಸಣ್ಣದು ಎಂಬುದು ತಿಳಿಯುತ್ತದೆ.

ಆಪ್ ಕಂಪನಿಗಳು ತೋರಿಸುವ ಗ್ರಾಫ್‌ಗಳನ್ನು ನೋಡುವಾಗ ಒಂದು ಪ್ರಶ್ನೆ ಕೇಳಿ: ಆರು ತಿಂಗಳ ಅಂಕಿ ಯಾರದ್ದು? ಆರು ತಿಂಗಳೂ ಆಪ್ ತೆರೆದು ತೂಕ ಹಾಕಿದವರದ್ದು ಮಾತ್ರವೇ? ವಾಂತಿಯಾಗಿ ಔಷಧ ಬಿಟ್ಟವರು, ತೂಕ ಇಳಿಯದೆ ಬೇಸರಗೊಂಡವರು ಆಪ್ ತೆರೆಯುವುದನ್ನೇ ನಿಲ್ಲಿಸಿರುತ್ತಾರೆ. ಅವರನ್ನು ಬಿಟ್ಟು ಸರಾಸರಿ ತೆಗೆದರೆ ಯಾವ ಆಪ್ ಆದರೂ ಅದ್ಭುತವಾಗಿಯೇ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಡಿಸೆಂಬರ್‌ನಲ್ಲಿ ಈ ಔಷಧಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿ, ಆಹಾರ ಮತ್ತು ವ್ಯಾಯಾಮದ ತೀವ್ರ ಬೆಂಬಲವನ್ನೂ ಜೊತೆಗೆ ಕೊಡಬಹುದು ಎಂದಿದೆ. ಆದರೆ ಅದನ್ನು ಷರತ್ತಿನ ಶಿಫಾರಸು ಎಂದೇ ಕರೆದಿದೆ, ಪುರಾವೆ ಇನ್ನೂ ಗಟ್ಟಿಯಾಗಿಲ್ಲ ಎಂದೂ ಒಪ್ಪಿಕೊಂಡಿದೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕಂತೆ ತೂಕ ಎಷ್ಟಿದೆ ಎಂಬ ಅಳತೆ) 35.7. ಈ ಔಷಧಕ್ಕೆ ಬಿಎಂಐ 30 ದಾಟಿರಬೇಕು, ಅಥವಾ 27ರ ಮೇಲಿದ್ದು ಬಿ.ಪಿ.ಯಂಥ ತೊಂದರೆ ಇರಬೇಕು. ಎರಡೂ ಲೆಕ್ಕದಲ್ಲಿ ನೀವು ಅರ್ಹರು. ಮೊದಲ ಡೋಸ್‌ಗೆ ಮುಂಚೆ ಕ್ರಿಯಾಟಿನಿನ್ (ಮೂತ್ರಪಿಂಡದ ಪರೀಕ್ಷೆ), ಸೋಡಿಯಂ, ಪೊಟ್ಯಾಸಿಯಂ, ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ) ಪರೀಕ್ಷೆ ಆಗಿರಲಿ. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್‌ನ ಮೆಡ್ಯುಲರಿ ಕ್ಯಾನ್ಸರ್ ಆಗಿತ್ತೇ, ನಿಮಗೆ ಹಿಂದೆ ಮೇದೋಜೀರಕ ಗ್ರಂಥಿಯ ಉರಿಯೂತ ಅಥವಾ ಪಿತ್ತಕೋಶದ ಕಲ್ಲು ಇತ್ತೇ ಎಂಬುದನ್ನು ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಮೊದಲನೆಯದು ಇದ್ದರೆ ಈ ಔಷಧ ಕೂಡದು. ಮಗುವಿನ ಯೋಚನೆಯಿದ್ದರೆ ಕನಿಷ್ಠ 2 ತಿಂಗಳು ಮೊದಲೇ ಸೆಮಾಗ್ಲುಟೈಡ್ ನಿಲ್ಲಿಸಬೇಕು. ಟೆಲ್ಮಿಸಾರ್ಟನ್ ಕೂಡ ಗರ್ಭಿಣಿಯರಿಗೆ ಸಲ್ಲದು. ತೂಕ ಇಳಿದ ಮೇಲೆ ನಿಂತಿದ್ದ ಮುಟ್ಟು ಸರಿಹೋಗಿ ಅನಿರೀಕ್ಷಿತವಾಗಿ ಗರ್ಭ ನಿಲ್ಲುವುದುಂಟು, ಆದ್ದರಿಂದ 42 ಆಯಿತಲ್ಲ ಎಂದು ಸುಮ್ಮನಿರಬೇಡಿ.

ಡೋಸ್ ಏರುವ ಕ್ರಮ ಹೀಗೆ: ಮೊದಲ 4 ವಾರ 0.25 ಮಿ.ಗ್ರಾಂ., ಮುಂದಿನ 4 ವಾರ 0.5, ಆಮೇಲೆ 1, ಆಮೇಲೆ 1.7, ಹದಿನಾರು ವಾರ ಕಳೆದ ಮೇಲೆ 2.4. ಮೊದಲ ತಿಂಗಳ ಡೋಸ್ ಹೊಟ್ಟೆಯನ್ನು ಒಗ್ಗಿಸಲಿಕ್ಕೆ ಮಾತ್ರ ಇರುವುದು. ಆಗ ತೂಕ ಇಳಿಯದಿದ್ದರೆ ಔಷಧ ಕೆಲಸ ಮಾಡುತ್ತಿಲ್ಲ ಎಂದುಕೊಂಡು ನಡುವಿನ ಮೆಟ್ಟಿಲು ಬಿಟ್ಟು ದೊಡ್ಡ ಡೋಸ್‌ಗೆ ಹಾರುವವರಿದ್ದಾರೆ, ಎರಡನೇ ತಿಂಗಳ ಹೊತ್ತಿಗೆ ವಾಂತಿಯಿಂದ ಹಾಸಿಗೆ ಹಿಡಿಯುವವರು ಹೆಚ್ಚಾಗಿ ಇವರೇ. ಸ್ಟೆಪ್-1ರಲ್ಲಿ ಔಷಧ ಪಡೆದ ನೂರು ಜನರಲ್ಲಿ 44 ಮಂದಿಗೆ ವಾಕರಿಕೆ, ಸುಮಾರು 25 ಮಂದಿಗೆ ವಾಂತಿ, 23 ಮಂದಿಗೆ ಮಲಬದ್ಧತೆ ಆಗಿತ್ತು. ಬಹುಪಾಲು ಡೋಸ್ ಏರುವ ವಾರಗಳಲ್ಲೇ. ಒಂದು ಡೋಸ್ ಒಗ್ಗದಿದ್ದರೆ ಇನ್ನೂ ನಾಲ್ಕು ವಾರ ಅಲ್ಲೇ ಉಳಿಯಬಹುದು, ಕಡಿಮೆ ಡೋಸ್‌ನಲ್ಲೇ ತೂಕ ಇಳಿಯುತ್ತಿದ್ದರೆ 2.4ಕ್ಕೆ ಹೋಗಲೇಬೇಕೆಂದೇನೂ ಇಲ್ಲ.

ಆಪ್‌ನ ಮೊದಲ ಕೆಲಸ ಇಲ್ಲಿ ಶುರು. ಇಂಜೆಕ್ಷನ್ ಹಾಕಿಕೊಂಡ ದಿನ, ಡೋಸ್, ಹೊಟ್ಟೆಯ ಬಲಕ್ಕೋ ಎಡಕ್ಕೋ ತೊಡೆಗೋ, ವಾಕರಿಕೆ 0ಯಿಂದ 3ರಲ್ಲಿ ಎಷ್ಟು, ವಾಂತಿ ಎಷ್ಟು ಸಲ, ಮಲಕ್ಕೆ ಹೊರಗೆ ಹೋಗಿ ಎಷ್ಟು ದಿನವಾಯಿತು, ಬೆಳಗಿನ ಬಿ.ಪಿ. ಎಷ್ಟು. ಇಷ್ಟನ್ನು ದಾಖಲಿಸಿ. ಎರಡು ನಿಮಿಷದ ಕೆಲಸ. ಡೋಸ್ ಏರಿಸುವ ದಿನ ಡಾಕ್ಟರ ಮುಂದೆ ಕುಳಿತಾಗ ನಾಲ್ಕು ವಾರದ ವಾಕರಿಕೆ ನೆನಪಿರುವುದಿಲ್ಲ. ಈ ಪುಟ ತೋರಿಸಿದರೆ ಏರಿಸಬೇಕೋ ನಿಲ್ಲಿಸಬೇಕೋ ಎಂಬುದು ಅರ್ಧ ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಕ್ಯಾಲೊರಿ ಲೆಕ್ಕಕ್ಕಿಂತ ಮೊದಲ ಐದು ತಿಂಗಳಲ್ಲಿ ಇದೇ ಮುಖ್ಯ.

ನಿಮ್ಮ ಮಟ್ಟಿಗೆ ಬಿ.ಪಿ. ದಾಖಲೆಯನ್ನು ಇನ್ನೊಮ್ಮೆ ಒತ್ತಿ ಹೇಳಬೇಕು. ನಿಮ್ಮ ಮಾತ್ರೆಯಲ್ಲಿರುವ ಹೈಡ್ರೋಕ್ಲೋರೋಥಯಾಜೈಡ್ ಮೂತ್ರದ ಮೂಲಕ ನೀರು, ಉಪ್ಪು ಎರಡನ್ನೂ ಹೊರಹಾಕುತ್ತದೆ. ಊಟ ಕಡಿಮೆಯಾಗಿ, ಮೇಲಿಂದ ವಾಂತಿಯೋ ಭೇದಿಯೋ ಆಗಿ, ಅದೇ ಮಾತ್ರೆಯನ್ನೂ ನುಂಗುತ್ತಾ ಹೋದರೆ ದೇಹ ಒಣಗಿ ಮೂತ್ರಪಿಂಡಕ್ಕೆ ಏಟು ಬೀಳಬಹುದು. ಏಪ್ರಿಲ್, ಮೇ ತಿಂಗಳ ದಾವಣಗೆರೆ ಬಿಸಿಲಲ್ಲಿ ಇದು ಇನ್ನೂ ಬೇಗ ಆಗುತ್ತದೆ. ವಾಂತಿ ಭೇದಿ ಆದ ದಿನ ಈ ಮಾತ್ರೆ ನಿಲ್ಲಿಸಬೇಕೇ, ಯಾವಾಗ ಮತ್ತೆ ಶುರು ಮಾಡಬೇಕು ಎಂಬುದನ್ನು ಮೊದಲ ದಿನವೇ ಚೀಟಿಯಲ್ಲಿ ಬರೆಸಿಕೊಳ್ಳಿ. ತೂಕ ಇಳಿದಂತೆ ಬಿ.ಪಿ.ಯೂ ಇಳಿಯುತ್ತದೆ. ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು, ಬೆಳಗಿನ ಬಿ.ಪಿ.ಯ ಮೇಲಿನ ಅಂಕಿ 110ರ ಕೆಳಗೇ ಇರುವುದು ಕಂಡರೆ ಮಾತ್ರೆಯನ್ನು ಕಡಿಮೆ ಮಾಡುವ ಸಮಯ ಬಂದಿರುತ್ತದೆ. ಅದನ್ನು ಮಾಡಬೇಕಾದವರು ಡಾಕ್ಟರು, ಕೋಚ್ ಅಲ್ಲ.

ಡೋಸ್ ಮರೆತರೆ? ತೂಕ ಇಳಿಸಲು ಕೊಡುವ, 2.4 ಮಿ.ಗ್ರಾಂ.ವರೆಗೆ ಏರುವ ಈ ಔಷಧದಲ್ಲಿ ಮುಂದಿನ ಡೋಸ್‌ಗೆ ಎರಡು ದಿನಕ್ಕಿಂತ ಹೆಚ್ಚು ಇದ್ದರೆ ಆಗಲೇ ಹಾಕಿಕೊಳ್ಳಿ, ಕಡಿಮೆ ಇದ್ದರೆ ಬಿಟ್ಟುಬಿಡಿ. ಎರಡು ಒಟ್ಟಿಗೆ ಬೇಡವೇ ಬೇಡ. ಎರಡು ಮೂರು ವಾರ ಸತತವಾಗಿ ತಪ್ಪಿದ್ದರೆ ಹಳೆಯ ದೊಡ್ಡ ಡೋಸ್‌ಗೆ ನೇರವಾಗಿ ಹೋಗದೆ ಕೇಳಿ ಹಾಕಿಕೊಳ್ಳಿ, ಹೊಟ್ಟೆ ಅಷ್ಟರಲ್ಲಿ ಅಭ್ಯಾಸ ಮರೆತಿರುತ್ತದೆ. ಮದುವೆ, ಪ್ರಯಾಣ ಇದ್ದರೆ ಇಂಜೆಕ್ಷನ್ ಹಾಕಿಕೊಳ್ಳುವ ದಿನ ಬದಲಿಸಬಹುದು, ಎರಡು ಡೋಸ್ ನಡುವೆ ಕನಿಷ್ಠ 48 ಗಂಟೆ ಇರಬೇಕು ಅಷ್ಟೆ.

ಪೆನ್ ಬದಲು ಬಾಟಲಿಯಿಂದ ಸಿರಿಂಜಿಗೆ ಎಳೆದುಕೊಳ್ಳುವ ಔಷಧ ಕೊಟ್ಟಿದ್ದರೆ ಜಾಗ್ರತೆ. ಡಾಕ್ಟರು ಬರೆಯುವುದು ಮಿ.ಗ್ರಾಂ. ಲೆಕ್ಕದಲ್ಲಿ, ಇನ್ಸುಲಿನ್ ಸಿರಿಂಜಿನ ಮೇಲಿರುವುದು ಯೂನಿಟ್, ಬಾಟಲಿಯ ಮೇಲಿರುವುದು ಮಿ.ಲೀ.ಗೆ ಇಷ್ಟು ಮಿ.ಗ್ರಾಂ. ಎಂದು. ಮೂರನ್ನೂ ಗೊಂದಲ ಮಾಡಿಕೊಂಡು ಬರೆದ ಡೋಸ್‌ನ 5ರಿಂದ 20 ಪಟ್ಟು ಹಾಕಿಕೊಂಡವರ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಮೊದಲ ಸಲ ನರ್ಸ್ ಎದುರಿಗೇ ಎಳೆಯಿರಿ, ಸಿರಿಂಜಿನಲ್ಲಿ ಯಾವ ಗೆರೆಯವರೆಗೆ ಎಂಬುದನ್ನು ಫೋಟೊ ತೆಗೆದು ಆಪ್‌ನಲ್ಲಿಡಿ. ಡೋಸ್ ಬದಲಾದಾಗ ಹೊಸ ಫೋಟೊ. ಔಷಧ 2ರಿಂದ 8 ಡಿಗ್ರಿಯಲ್ಲಿರಬೇಕು. ಫ್ರಿಜ್‌ನ ಐಸ್ ಕಟ್ಟುವ ಗೋಡೆಗೆ ತಾಗಿಸಿ ಇಡಬೇಡಿ, ಒಮ್ಮೆ ಗಟ್ಟಿಯಾದದ್ದು ಕರಗಿದರೂ ಕೆಲಸಕ್ಕೆ ಬಾರದು. ಪಾರ್ಲರ್‌ನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಸಿಗುವುದನ್ನು ಮುಟ್ಟಬೇಡಿ. ಬಿಲ್ ಮತ್ತು ಬ್ಯಾಚ್ ನಂಬರ್ ಇಲ್ಲದ್ದು ಏನೆಂದು ಯಾರಿಗೂ ಗೊತ್ತಿರುವುದಿಲ್ಲ.

ಎರಡನೆಯ ಕೆಲಸ, ಸ್ನಾಯು. ಸ್ಟೆಪ್-1ರಲ್ಲಿ ಕೆಲವರ ದೇಹವನ್ನು ಸ್ಕ್ಯಾನ್ ಮಾಡಿ ನೋಡಿದಾಗ ಇಳಿದ ತೂಕದಲ್ಲಿ ಹತ್ತಿರಹತ್ತಿರ ಶೇ 40 ಕೊಬ್ಬಲ್ಲದ ಭಾಗದ್ದಾಗಿತ್ತು. ಅದೆಲ್ಲ ಸ್ನಾಯುವೇ ಎಂದಲ್ಲ, ನೀರೂ ಅದರಲ್ಲಿ ಸೇರಿದೆ. ಆದರೂ ಭಾರತೀಯರಲ್ಲಿ ಮೊದಲೇ ಸ್ನಾಯು ಕಡಿಮೆ, ಹೊಟ್ಟೆಯ ಕೊಬ್ಬು ಹೆಚ್ಚು. ಹಸಿವಿಲ್ಲದಾಗ ಜನ ಮೊದಲು ಬಿಡುವುದು ಕಾಳು, ಪಲ್ಯ. ಎರಡು ಬಿಸ್ಕತ್ತು, ಒಂದು ಲೋಟ ಕಾಫಿಯಲ್ಲಿ ಮಧ್ಯಾಹ್ನ ಕಳೆದುಬಿಡುತ್ತಾರೆ. ತಕ್ಕಡಿ ಇಳಿಯುತ್ತದೆ, ಕೂದಲು ಉದುರುತ್ತದೆ, ಮೆಟ್ಟಿಲು ಹತ್ತಲು ಸುಸ್ತು.

ಆದ್ದರಿಂದ ಆಪ್‌ನಲ್ಲಿ ಕ್ಯಾಲೊರಿಯ ಬದಲು ಪ್ರೋಟೀನ್ ಒಂದನ್ನೇ ಎಣಿಸಿ. ನಿಮ್ಮ ಎತ್ತರಕ್ಕೆ ಬಿಎಂಐ 25 ಎಂದರೆ 67 ಕೆ.ಜಿ. ಅದಕ್ಕೆ ಕೆ.ಜಿ.ಗೆ 1.2 ಗ್ರಾಂ.ನಂತೆ ದಿನಕ್ಕೆ ಸುಮಾರು 80 ಗ್ರಾಂ. ಕ್ರಿಯಾಟಿನಿನ್ ಹೆಚ್ಚಿದ್ದರೆ ಈ ಲೆಕ್ಕ ಬೇರೆ. ಮನೆ ಅಡುಗೆಯಲ್ಲಿ ಇದು ಹೀಗೆ ಕೂಡುತ್ತದೆ: ಬೆಳಿಗ್ಗೆ 50 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ, ಕಾಲು ಲೀಟರ್ ಹಾಲು, 20 ಗ್ರಾಂ. ಮಧ್ಯಾಹ್ನ ತಲಾ 50 ಗ್ರಾಂ ಹಿಟ್ಟಿನ ಜೋಳದ ರೊಟ್ಟಿ ಎರಡು, 40 ಗ್ರಾಂ ಹುರುಳಿಕಾಳಿನ ಪಲ್ಯ, 200 ಗ್ರಾಂ ಮೊಸರು, 25 ಗ್ರಾಂ. ಸಂಜೆ ಒಂದು ಹಿಡಿ ಹುರಿದ ಶೇಂಗಾ, 7 ಗ್ರಾಂ. ರಾತ್ರಿ 100 ಗ್ರಾಂ ಪನೀರ್, ಸಣ್ಣ ಮುದ್ದೆ, 23 ಗ್ರಾಂ. ಇಲ್ಲಿಗೆ 75. ಉಳಿದದ್ದಕ್ಕೆ ಸಾರಿಗೆ 10 ಗ್ರಾಂ ಸೋಯಾ ತುಣುಕು ಹಾಕಿದರೆ ಆಯಿತು. ಮೊಟ್ಟೆ ತಿನ್ನುವವರಿಗೆ ಒಂದು ಮೊಟ್ಟೆಗೆ 6 ಗ್ರಾಂ. ಊಟಕ್ಕೆ ಕುಳಿತಾಗ ಕಾಳು, ಪನೀರ್ ಮೊದಲು, ರೊಟ್ಟಿ ಆಮೇಲೆ, ಅನ್ನ ಕೊನೆಗೆ. ಹೊಟ್ಟೆ ಬೇಗ ತುಂಬುವುದರಿಂದ ಕೊನೆಗೆ ಬಂದದ್ದು ಉಳಿದುಹೋಗುತ್ತದೆ, ಉಳಿಯಬೇಕಾದದ್ದು ಅನ್ನವೇ.

ಆಪ್‌ಗಳು ತಪ್ಪುವುದು ನಮ್ಮ ಅಡುಗೆಯಲ್ಲೇ. 'ಹುರುಳಿ ಸಾರು, ಒಂದು ಬಟ್ಟಲು' ಎಂದು ಆರಿಸಿದರೆ ಕಾಳು ಸೇರಿದ ಸಾರಿನ ಪ್ರೋಟೀನ್ ಕೊಟ್ಟುಬಿಡುತ್ತದೆ. ನಮ್ಮಲ್ಲಿ ಕಾಳು ಬೇಯಿಸಿ, ಕಟ್ಟು ಬಸಿದು ಸಾರು ಮಾಡಿ, ಕಾಳನ್ನು ಬೇರೆ ಪಲ್ಯ ಮಾಡುತ್ತೇವೆ. ತಟ್ಟೆಗೆ ಬರೀ ಸಾರು ಬಿದ್ದರೆ ಪ್ರೋಟೀನ್‌ನ ಹೆಚ್ಚಿನ ಪಾಲು ಪಲ್ಯದ ಪಾತ್ರೆಯಲ್ಲೇ ಉಳಿದಿರುತ್ತದೆ, ಆಪ್ ಮಾತ್ರ ಗುರಿ ಮುಟ್ಟಿತು ಎಂದು ಹಸಿರು ತೋರಿಸುತ್ತದೆ. ಮುದ್ದೆಯಲ್ಲೂ ಇದೇ ತಕರಾರು, ಒಂದು ಮುದ್ದೆ ಎಂದರೆ ಯಾರ ಮನೆಯ ಮುದ್ದೆ? ಅಡುಗೆ ತಕ್ಕಡಿ ಒಂದು ತಂದು ಹಿಟ್ಟು, ಕಾಳುಗಳನ್ನು ಬೇಯಿಸುವ ಮುಂಚೆಯೇ ತೂಗಿ, ಮನೆಮಂದಿಗೆ ಭಾಗಿಸಿ, ನಿಮ್ಮ ಪಾಲನ್ನು 'ನನ್ನ ಅಡುಗೆ' ಎಂದು ಆಪ್‌ನಲ್ಲಿ ಉಳಿಸಿಕೊಳ್ಳಿ. ಹತ್ತು ಹನ್ನೆರಡು ಅಡುಗೆ ಸೇರಿಸಿದರೆ ವಾರದ ಊಟವೆಲ್ಲ ಅದರಲ್ಲೇ ಬರುತ್ತದೆ.

ಎಣ್ಣೆ, ಬೆಣ್ಣೆಯ ಬಗ್ಗೆ ಒಂದು ಮಾತು. ಈ ಔಷಧ ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತದೆ. ಜಿಡ್ಡಿನ ಊಟ ಮೊದಲೇ ನಿಧಾನ. ಡೋಸ್ ಏರಿದ ಮೊದಲ ಮೂರು ದಿನ ಬೆಣ್ಣೆ ದೋಸೆ, ಮಿರ್ಚಿ ತಿಂದರೆ ರಾತ್ರಿಯವರೆಗೂ ಎದೆಯಲ್ಲೇ ಕೂತಂತಾಗಿ ವಾಂತಿಯಾಗುತ್ತದೆ. ಆ ಮೂರು ದಿನ ಬಿಡಿ, ಬೇರೆ ದಿನ ಅರ್ಧ ತಿನ್ನಿ. ನೀರು ದಿನಕ್ಕೆ ಎರಡು ಲೀಟರ್‌ಗೆ ಇಳಿಯದಿರಲಿ. ಮೂರು ದಿನ ಹೊರಗೆ ಹೋಗದಿದ್ದರೆ ಕಾಯದೆ ಮಲ ಸಡಿಲಿಸುವ ಔಷಧ ಕೇಳಿ. ಊಟದ ಲೆಕ್ಕ ಬರೆಯುವುದೇ ತಲೆಗೆ ಹತ್ತಿ, ಒಂದು ತುತ್ತಿಗೂ ಅಪರಾಧ ಭಾವ ಕಾಡತೊಡಗಿದರೆ ಆ ಭಾಗವನ್ನು ಆಫ್ ಮಾಡಿ ಡಾಕ್ಟರಿಗೆ ತಿಳಿಸಿ.

ಪ್ರೋಟೀನ್ ಒಂದೇ ಸ್ನಾಯು ಉಳಿಸದು, ಭಾರ ಎತ್ತಬೇಕು. ನಡಿಗೆ ವಾರಕ್ಕೆ 150 ನಿಮಿಷ ಸರಿ, ಜೊತೆಗೆ ವಾರಕ್ಕೆ ಎರಡು ದಿನ ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಕೈಯಿಟ್ಟು ದಂಡ, ರಬ್ಬರ್ ಬ್ಯಾಂಡ್ ಎಳೆಯುವುದು, ಹಿಮ್ಮಡಿ ಎತ್ತುವುದು, ಪ್ರತಿಯೊಂದು 10 ಸಲದಂತೆ ಮೂರು ಸುತ್ತು. ಹತ್ತು ಸಲ ಸಲೀಸಾದರೆ ಭಾರ ಹೆಚ್ಚಿಸಿ. ಆಪ್‌ನ ಹೆಜ್ಜೆ ಎಣಿಕೆಗೆ ಇದು ಕಾಣುವುದೇ ಇಲ್ಲ, ನೀವೇ ಬರೆಯಬೇಕು. ಕೊಬ್ಬು, ಸ್ನಾಯು ಎರಡನ್ನೂ ತೋರಿಸುವ ಮನೆ ತಕ್ಕಡಿಗಳನ್ನು ನೆಚ್ಚಬೇಡಿ, ದೇಹದ ನೀರು ಏರಿಳಿದರೆ ಅದರ ಅಂಕಿಯೂ ಏರಿಳಿಯುತ್ತದೆ. ಬದಲಿಗೆ ತಿಂಗಳಿಗೊಮ್ಮೆ ಅದೇ ಕುರ್ಚಿಯಲ್ಲಿ 30 ಸೆಕೆಂಡಿಗೆ ಎಷ್ಟು ಸಲ ಎದ್ದು ಕೂರುತ್ತೀರಿ ಎಂದು ಎಣಿಸಿ. ತೂಕ ಇಳಿಯುತ್ತಾ ಈ ಎಣಿಕೆ ಏರುತ್ತಿದ್ದರೆ ಎಲ್ಲ ಸರಿಯಿದೆ. ಎರಡೂ ಇಳಿಯುತ್ತಿದ್ದರೆ ಪ್ರೋಟೀನ್ ನೋಡಿ, ಡೋಸ್ ಏರಿಸುವುದನ್ನು ತಡೆಹಿಡಿಸಿ. ತೂಕವನ್ನು ವಾರಕ್ಕೊಮ್ಮೆ, ಅದೇ ದಿನ, ಬೆಳಿಗ್ಗೆ ಶೌಚದ ನಂತರ ನೋಡಿದರೆ ಸಾಕು.

ಮೂರನೆಯದು ಔಷಧ ನಿಂತ ಮೇಲಿನ ಕಾಲ. ಸ್ಟೆಪ್-1ರಲ್ಲಿ ಭಾಗವಹಿಸಿದ ಕೆಲವರನ್ನು ಔಷಧ ಮತ್ತು ಸಲಹೆ ಎರಡೂ ನಿಂತ ಮೇಲೆ ಒಂದು ವರ್ಷ ಗಮನಿಸಿದಾಗ ಇಳಿದ ತೂಕದ ಮೂರನೇ ಎರಡು ಭಾಗ ಮರಳಿ ಬಂದಿತ್ತು. ಡೆನ್ಮಾರ್ಕ್‌ನ ಎಸ್-ಲೈಟ್ ಅಧ್ಯಯನದಲ್ಲಿ ಇದೇ ವರ್ಗದ ಹಳೆಯ ಔಷಧ ಲಿರಾಗ್ಲುಟೈಡ್ ಕೊಟ್ಟು ನೋಡಿದ್ದರು. ನಿಲ್ಲಿಸಿ ಒಂದು ವರ್ಷವಾದಾಗ, ಔಷಧದ ಜೊತೆ ಮೇಲ್ವಿಚಾರಣೆಯಲ್ಲಿ ವ್ಯಾಯಾಮವನ್ನೂ ಮಾಡಿದ್ದವರು ಔಷಧವೊಂದನ್ನೇ ಪಡೆದಿದ್ದವರಿಗಿಂತ ತೂಕವನ್ನು ಚೆನ್ನಾಗಿ ಉಳಿಸಿಕೊಂಡಿದ್ದರು. ಔಷಧದ ಕಾಲದಲ್ಲಿ ತಕ್ಕಡಿಯಲ್ಲಿ ಅಷ್ಟು ಸ್ಪಷ್ಟವಾಗಿ ಕಾಣದ ವ್ಯಾಯಾಮದ ಲಾಭ ಆಮೇಲೆ ಕಾಣಿಸಿಕೊಂಡಿತು. ಇದಕ್ಕೇ ವರ್ಷದ ಪ್ಯಾಕೇಜ್ ಮೊದಲೇ ಕಟ್ಟುವುದು ನನ್ನ ಮಟ್ಟಿಗೆ ತಪ್ಪು ಲೆಕ್ಕ. ಮೊದಲು ಐದು ತಿಂಗಳು, ಡೋಸ್ ಏರಿ ನಿಲ್ಲುವವರೆಗೆ, ತಗೊಳ್ಳಿ. ನಡುವಿನ ತಿಂಗಳುಗಳಲ್ಲಿ ಪುಸ್ತಕ, ಪೆನ್ನು ಸಾಕು. ಡೋಸ್ ಇಳಿಸುವ ಅಥವಾ ನಿಲ್ಲಿಸುವ ದಿನ ನಿಗದಿಯಾದಾಗ, ಅದಕ್ಕೆ ಒಂದು ತಿಂಗಳು ಮುಂಚಿನಿಂದ ಕನಿಷ್ಠ ಆರು ತಿಂಗಳು ಮತ್ತೆ ತಗೊಳ್ಳಿ. ಹಸಿವು ವಾಪಸ್ ಬರುವುದು ಆಗ, ಮಾತಾಡಿಸುವವರು ಬೇಕಾಗುವುದೂ ಆಗಲೇ. ಅತಿ ಕಡಿಮೆ ತೂಕಕ್ಕಿಂತ 3 ಕೆ.ಜಿ. ಏರಿದರೆ ಡಾಕ್ಟರಿಗೆ ಫೋನ್ ಎಂದು ಮೊದಲೇ ಒಪ್ಪಂದವಿರಲಿ, 10 ಕೆ.ಜಿ. ಆಗುವವರೆಗೆ ನಾಚಿಕೆಯಿಂದ ಸುಮ್ಮನಿರುವುದೇ ಹೆಚ್ಚು ಜನ ಮಾಡುವ ತಪ್ಪು. ಬೊಜ್ಜು ದೀರ್ಘಕಾಲದ ಕಾಯಿಲೆ. ಕೆಲವರಿಗೆ ಔಷಧ ಮುಂದುವರಿಸಬೇಕಾಗುತ್ತದೆ, ಅದು ಸೋಲೇನೂ ಅಲ್ಲ. ಸೆಮಾಗ್ಲುಟೈಡ್‌ನ ಮೂಲ ಪೇಟೆಂಟ್ ಭಾರತದಲ್ಲಿ 2026ರ ಮಾರ್ಚ್‌ವರೆಗಷ್ಟೇ ಇದ್ದದ್ದರಿಂದ ದೇಶೀಯ ಕಂಪನಿಗಳಿಗೂ ದಾರಿ ತೆರೆದಿದೆ. ಎರಡು ಮೂರು ವರ್ಷದ ಖರ್ಚನ್ನು ಡಾಕ್ಟರ ಜೊತೆ ಕೂತು ಈಗಲೇ ಲೆಕ್ಕ ಹಾಕಿ.

ದುಡ್ಡು ಕಟ್ಟುವ ಮುಂಚೆ ಆಪ್‌ನವರನ್ನು ಕೇಳಬೇಕಾದದ್ದಿಷ್ಟು. ವಾಂತಿ ನಿಲ್ಲುತ್ತಿಲ್ಲ ಎಂದು ರಾತ್ರಿ ಬರೆದರೆ ಓದುವವರು ಯಾರು, ಎಷ್ಟು ಗಂಟೆಯೊಳಗೆ? ಕೋಚ್ ಎಂದರೆ ಓದಿದ ಡಯೆಟಿಷಿಯನ್ನೋ, ಮಾರಾಟದವರೋ, ಯಂತ್ರವೋ? 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ಕೃತಕ ಬುದ್ಧಿಮತ್ತೆಯ ತಂತ್ರಾಂಶ ರೋಗಿಗೆ ಸಲಹೆ ಕೊಡುವಂತಿಲ್ಲ, ಔಷಧ ಬರೆಯುವಂತಿಲ್ಲ. ನೋಂದಾಯಿತ ವೈದ್ಯರೇ ಬೇಕು, ಅವರ ನೋಂದಣಿ ಸಂಖ್ಯೆ ಕೇಳುವ ಹಕ್ಕು ನಿಮಗಿದೆ. ನನ್ನ ದಾಖಲೆಗಳನ್ನು ಪಿಡಿಎಫ್ ಮಾಡಿ ನನ್ನ ಡಾಕ್ಟರಿಗೆ ಕಳಿಸಬಹುದೇ? ನಡುವೆ ಬಿಟ್ಟರೆ ಉಳಿದ ಹಣ ವಾಪಸ್ ಬರುತ್ತದೆಯೇ? ಔಷಧವನ್ನೂ ಅವರೇ ಮಾರುತ್ತಾರೆಯೇ? ಮಾರುವುದಾದರೆ ಡೋಸ್ ಏರಿಸಿ ಎಂಬ ಅವರ ಸಲಹೆಯನ್ನು ನಿಮ್ಮ ಡಾಕ್ಟರ ಬಳಿ ಇನ್ನೊಮ್ಮೆ ಕೇಳಿಯೇ ಪಾಲಿಸಿ.

ಮೇಲು ಹೊಟ್ಟೆಯಲ್ಲಿ ಶುರುವಾಗಿ ಬೆನ್ನಿಗೆ ಹೊಡೆಯುವ, ಬಿಡದ ನೋವು, ಜ್ವರದ ಜೊತೆ ಬಲ ಪಕ್ಕೆಯ ಕೆಳಗೆ ನೋವು, ಕಣ್ಣು ಹಳದಿಯಾಗುವುದು, ಒಂದು ದಿನ ಪೂರ್ತಿ ನೀರೂ ನಿಲ್ಲದಿರುವುದು, ಮೂತ್ರ ತೀರಾ ಕಡಿಮೆಯಾಗುವುದು, ಇವುಗಳಲ್ಲಿ ಯಾವುದೇ ಕಂಡರೂ ಆಪ್‌ನಲ್ಲಿ ಟೈಪ್ ಮಾಡುತ್ತಾ ಕೂರಬೇಡಿ. ಮುಂದಿನ ಇಂಜೆಕ್ಷನ್ ನಿಲ್ಲಿಸಿ ನೇರ ಆಸ್ಪತ್ರೆಗೆ ಹೋಗಿ, ಹೋದ ಕೂಡಲೇ ಕೊನೆಯ ಡೋಸ್ ಯಾವತ್ತು, ಎಷ್ಟು ಎಂಬುದನ್ನು ಹೇಳಿ. ಎಂಡೋಸ್ಕೋಪಿ, ಅರಿವಳಿಕೆ ಕೊಡುವ ಯಾವುದೇ ಶಸ್ತ್ರಚಿಕಿತ್ಸೆ ಇದ್ದರೂ ಇದನ್ನು ಮುಂಚಿತವಾಗಿ ತಿಳಿಸಬೇಕು, ಹಿಂದಿನ ರಾತ್ರಿಯ ಊಟ ಹೊಟ್ಟೆಯಲ್ಲೇ ಉಳಿದಿರುವ ಸಾಧ್ಯತೆ ಇರುತ್ತದೆ.